ಪುಣೆಯ ಕಾರು ಹುಬ್ಬಳ್ಳಿಗೆ ಬಂದರೂ ಅಗ್ಗವೇ?

ನೀವು ಕೇಳಿರುವುದು ಇಷ್ಟು: ಪುಣೆಯಲ್ಲಿ ಒಬ್ಬರ ಕೈಯಲ್ಲೇ ಓಡಿದ, ಆರು ವರ್ಷ ತುಂಬಿ ಏಳನೆಯದು ನಡೆಯುತ್ತಿರುವ ಪೆಟ್ರೋಲ್ ಕಾರು 4.10 ಲಕ್ಷ ರೂಪಾಯಿಗೆ ಸಿಗುತ್ತಿದೆ. ಅದೇ ಮಾದರಿಯ, ಅದೇ ವರ್ಷದ ಕಾರಿಗೆ ಹುಬ್ಬಳ್ಳಿಯಲ್ಲಿ 4.75 ಲಕ್ಷ ಹೇಳುತ್ತಿದ್ದಾರೆ. ಹೊಸದಾಗಿದ್ದಾಗ ಅದರ ಬೆಲೆ ಏಳೂವರೆ ಲಕ್ಷ. ಇಲ್ಲಿಗೆ ತಂದರೆ ತೆರಿಗೆ ಎಷ್ಟು ಬೀಳುತ್ತದೆ, ಒಂದು ವರ್ಷ ಮಹಾರಾಷ್ಟ್ರದ ನಂಬರಿನಲ್ಲೇ ಓಡಿಸಬಹುದು ಎಂದು ದಲ್ಲಾಳಿ ಹೇಳುತ್ತಿರುವುದು ನಿಜವೇ, ಕೊಳ್ಳಬಹುದೇ?

ಈ ಬೆಲೆಗೆ ಕೊಳ್ಳಬೇಡಿ. ನಾನೂ ಪುಣೆಯಿಂದಲೇ ಕಾರು ತಂದವನು. ಧಾರವಾಡದಲ್ಲಿ ಅದಕ್ಕೆ ಕೆಎ 25 ಸಂಖ್ಯೆ ಸಿಗುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿತ್ತು, ಉಳಿಸಿದೆ ಎಂದುಕೊಂಡಿದ್ದ ಹಣವೆಲ್ಲ ಹೋಗಿತ್ತು. ಅಂದು ನನಗೆ ಯಾರಾದರೂ ಕೂರಿಸಿಕೊಂಡು ಹೇಳಬೇಕಾಗಿದ್ದ ಮಾತುಗಳನ್ನೇ ಈಗ ನಿಮಗೆ ಹೇಳುತ್ತಿದ್ದೇನೆ.

ಮೊದಲು ಲೆಕ್ಕ. ನಾನು ಮಾಡಿದ ದೊಡ್ಡ ತಪ್ಪೂ ಇಲ್ಲಿಯೇ ಇತ್ತು. ನಾನು ಕೊಡುವ ಬೆಲೆಯ ಮೇಲೆ ತೆರಿಗೆ ಬೀಳುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಕರ್ನಾಟಕದ ಜೀವಾವಧಿ ತೆರಿಗೆಗೆ, ಅಂದರೆ ಕಾರಿನ ಇಡೀ ಆಯುಷ್ಯಕ್ಕೆ ಒಮ್ಮೆಗೇ ಕಟ್ಟುವ ತೆರಿಗೆಗೆ, ಆಧಾರವಾಗುವುದು ಕಾರು ಹೊಸದಾಗಿದ್ದಾಗಿನ ಬೆಲೆ. ನೀವು ಅದನ್ನು ನಾಲ್ಕು ಲಕ್ಷಕ್ಕೆ ಕೊಂಡರೂ ಒಂದೇ, ಮಾವನವರು ಪುಕ್ಕಟೆ ಕೊಟ್ಟರೂ ಒಂದೇ. ಐದು ಲಕ್ಷದೊಳಗಿನ ಕಾರಿಗೆ ಶೇ 13, ಐದರಿಂದ ಹತ್ತು ಲಕ್ಷದವರೆಗೆ ಶೇ 14, ಹತ್ತರಿಂದ ಇಪ್ಪತ್ತಕ್ಕೆ ಶೇ 17, ಅದಕ್ಕಿಂತ ಮೇಲೆ ಶೇ 18. ಹಳೆಯ ಕಾರು ಬೇರೆ ರಾಜ್ಯದಿಂದ ಬಂದರೆ ಈ ಪೂರ್ತಿ ಮೊತ್ತವನ್ನು ಕಟ್ಟಬೇಕಿಲ್ಲ, ವಯಸ್ಸಿಗೆ ತಕ್ಕಂತೆ ಅದರಲ್ಲಿ ಒಂದು ಪಾಲು ಮಾತ್ರ. ಎರಡು ವರ್ಷದೊಳಗಿನ ಕಾರಿಗೆ ಶೇ 93, ನಾಲ್ಕು ದಾಟಿ ಐದು ತುಂಬದಿದ್ದರೆ ಶೇ 75, ಆರು ದಾಟಿ ಏಳು ತುಂಬದಿದ್ದರೆ ಶೇ 64. ಹೀಗೆ ಇಳಿಯುತ್ತ ಹೋಗುತ್ತದೆ. ಬಂದ ತೆರಿಗೆಯ ಮೇಲೆ ಶೇ 11 ಉಪಕರ ಬೇರೆ.

ನಿಮ್ಮ ಕಾರಿಗೆ ಹಾಕಿ ನೋಡೋಣ. ಏಳೂವರೆ ಲಕ್ಷಕ್ಕೆ ಶೇ 14 ಅಂದರೆ 1,05,000. ಅದರ ಶೇ 64 ಅಂದರೆ 67,200. ಉಪಕರ 7,392. ಒಟ್ಟು 74,592 ರೂಪಾಯಿ. ಪುಣೆಗೂ ಹುಬ್ಬಳ್ಳಿಗೂ ನಿಮಗೆ ಕಾಣುತ್ತಿರುವ ಬೆಲೆಯ ಅಂತರ 65,000. ಕಾರು ಇನ್ನೂ ಪುಣೆ ಬಿಡುವ ಮೊದಲೇ ನೀವು ಒಂಬತ್ತೂವರೆ ಸಾವಿರ ಹಿಂದೆ ಬಿದ್ದಿದ್ದೀರಿ. ಓಡಾಟ, ಏಜೆಂಟರ ಕೂಲಿ, ಹೊಸ ನಂಬರ್ ಪ್ಲೇಟು, ಕೆಲಸಕ್ಕೆ ಹಾಕಿದ ರಜೆಗಳನ್ನು ನಾನು ಇನ್ನೂ ಸೇರಿಸಿಲ್ಲ. ಬಜೆಟ್‌ನಲ್ಲಿ ದರಗಳು ಬದಲಾಗುವುದುಂಟು. ಹಾಗಾಗಿ ಮುಂಗಡ ಕೊಡುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯ ತೆರಿಗೆ ವಿಭಾಗದಲ್ಲಿ ಕಾರಿನ ಆರ್‌ಸಿ ಮತ್ತು ಮೂಲ ಬಿಲ್ಲಿನ ಪ್ರತಿ ತೋರಿಸಿ, ಅಂದಿನ ಮೊತ್ತವನ್ನು ಕೇಳಿಕೊಂಡು ಬನ್ನಿ.

ಹುಬ್ಬಳ್ಳಿಯವರು ಹೆಚ್ಚು ಹೇಳುತ್ತಾರೆ ಎಂದು ನಿಮಗೆ ಅನ್ನಿಸಿರಬಹುದು. ಕರ್ನಾಟಕದ ಜೀವಾವಧಿ ತೆರಿಗೆ ದೇಶದ ಹೆಚ್ಚಿನ ತೆರಿಗೆಗಳಲ್ಲೊಂದು. ಇಲ್ಲಿ ನೋಂದಣಿಯಾದ ಕಾರಿನ ಬೆಲೆಯೊಳಗೆ ಮೊದಲ ಮಾಲೀಕ ಕಟ್ಟಿದ ಆ ತೆರಿಗೆಯ ಉಳಿದ ಪಾಲು ಅಡಗಿರುತ್ತದೆ. ಕೆಎ ನಂಬರಿನ ಕಾರನ್ನು ಬೀದರಿನಿಂದ ತಂದರೂ ಚಾಮರಾಜನಗರದಿಂದ ತಂದರೂ ನೀವು ಮತ್ತೆ ತೆರಿಗೆ ಕಟ್ಟಬೇಕಿಲ್ಲ. ಹೆಸರು ಬದಲಾವಣೆಯ ಶುಲ್ಕ ಕೆಲವು ನೂರು ರೂಪಾಯಿ, ಅಷ್ಟೇ. ಅಂತರ 65,000 ಇರುವುದಕ್ಕೆ ಕಾರಣ ಇದು. ಎರಡೂ ಊರಿನ ಮಾರುವವರಿಗೆ ಈ ಲೆಕ್ಕ ಗೊತ್ತು. ಗೊತ್ತಿಲ್ಲದಿರುವುದು ಕೊಳ್ಳುವವರಿಗೆ ಮಾತ್ರ. ನನ್ನ ಬೇಸರವೂ ಅದೇ.

ಇನ್ನು ದಲ್ಲಾಳಿ ಹೇಳುವ ಒಂದು ವರ್ಷದ ಮಾತು. ಅದರಲ್ಲಿ ಅರ್ಧ ಸತ್ಯ ಇದೆ, ಆದ್ದರಿಂದಲೇ ಜನ ನಂಬುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ, ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಕರ್ನಾಟಕ 2014ರಲ್ಲಿ ತನ್ನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಹೊರರಾಜ್ಯದ ವಾಹನ 30 ದಿನ ಮೀರಿ ಇಲ್ಲಿದ್ದರೆ ಜೀವಾವಧಿ ತೆರಿಗೆ ಕಟ್ಟಬೇಕು ಎಂದಿತ್ತು. ಬೆಂಗಳೂರಿನಲ್ಲಿ ಕೆಲಸಕ್ಕೆ ಬಂದಿದ್ದ ಹೊರರಾಜ್ಯದವರ ಕಾರುಗಳನ್ನು ರಸ್ತೆಯಲ್ಲಿ ನಿಲ್ಲಿಸಿದ ಕಾಲ ಅದು. 2016ರ ಮಾರ್ಚ್‌ನಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಪಡಿಸಿತು. ದಲ್ಲಾಳಿ ನಿಮಗೆ ಹೇಳುತ್ತಿರುವುದು ಈ ಕಥೆಯ ಕೊನೆಯ ಸಾಲನ್ನು.

ಆದರೆ ಆ ರಕ್ಷಣೆ ತನ್ನದೇ ಕಾರಿನಲ್ಲಿ ಬಂದು ಕೆಲವು ಕಾಲ ಇಲ್ಲಿರುವವನಿಗೆ. ನೀವು ಹುಬ್ಬಳ್ಳಿಯ ನಿವಾಸಿ, ಕಾರನ್ನು ಕೊಳ್ಳುತ್ತಿರುವವರು. ನಿಮಗೆ ಅನ್ವಯಿಸುವುದು 50ನೇ ಸೆಕ್ಷನ್: ಕೊಂಡವನು 30 ದಿನದೊಳಗೆ, ತಾನು ವಾಸಿಸುವ ಅಥವಾ ವಾಹನ ಇಡುವ ಊರಿನ ನೋಂದಣಿ ಪ್ರಾಧಿಕಾರಕ್ಕೆ ವರ್ಗಾವಣೆಯನ್ನು ತಿಳಿಸಬೇಕು. ಹೀಗೆ ತಿಳಿಸದೆ ಪುಣೆಯವರ ಹೆಸರಿನಲ್ಲೇ ಒಂದು ವರ್ಷ ಓಡಿಸುವುದೆಂದರೆ, ಅಪಘಾತವಾದರೆ ಆ ಮನುಷ್ಯನನ್ನು ಕೋರ್ಟಿಗೆ ಎಳೆದಂತೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ನಿಚ್ಚಳವಾಗಿ ಹೇಳಿದೆ. ಕಾರು ಎಷ್ಟೇ ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದೇ. ವಿಮೆಯ ಕ್ಲೇಮು ಬಂದಾಗ ನಿಮಗೂ ಇದೇ ತೊಡಕು. ನಮಗೆ ಕಾರು ಮಾರಿ, ನಂಬಿ, ಕೀಲಿ ಕೊಟ್ಟ ಒಬ್ಬ ಅಪರಿಚಿತನ ತಲೆಯ ಮೇಲೆ ಇಂಥ ಭಾರ ಇಡುವುದು ನನಗಂತೂ ಸರಿ ಕಾಣುವುದಿಲ್ಲ.

ಇಷ್ಟಾದರೂ ಆ ಕಾರೇ ಬೇಕು, ಬೆಲೆ 3.70 ಲಕ್ಷದ ಆಸುಪಾಸಿಗೆ ಇಳಿಯಿತು ಎಂದುಕೊಳ್ಳಿ. ಆಗ ನಿಮ್ಮ ಗಮನವೆಲ್ಲ ಕಾಗದಪತ್ರಗಳ ಮೇಲಿರಲಿ. ನನ್ನ ನಾಲ್ಕು ತಿಂಗಳು ಕಳೆದದ್ದು ತೆರಿಗೆ ಕಟ್ಟುವುದಕ್ಕಲ್ಲ. ತೆರಿಗೆ ಕಟ್ಟಲು ಹತ್ತು ನಿಮಿಷ ಸಾಕಾಯಿತು. ಉಳಿದದ್ದೆಲ್ಲ ಅದಕ್ಕೆ ಹಿಂದಿನ ಕಾಗದಗಳಿಗೆ ಹೋಯಿತು.

ನನಗೆ ಮಾರಿದವರು ಸಾಲ ತೀರಿಸಿದ್ದರು, ಬ್ಯಾಂಕಿನ ಪತ್ರವೂ ಅವರ ಬಳಿ ಇತ್ತು. ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಉಳಿದಿತ್ತು. ಸಾಲ ತೀರಿದ ಮಾತ್ರಕ್ಕೆ ಹೈಪೋಥಿಕೇಷನ್, ಅಂದರೆ ಕಾರು ಸಾಲಕ್ಕೆ ಅಡವಿದೆ ಎಂಬ ನಮೂದು, ತಾನಾಗಿ ಹೋಗುವುದಿಲ್ಲ. ಬ್ಯಾಂಕು ಮತ್ತು ಮಾಲೀಕ ಇಬ್ಬರೂ ಸಹಿ ಮಾಡಿದ ಫಾರಂ 35 ಕೊಟ್ಟು ತೆಗೆಸಬೇಕು. ಬ್ಯಾಂಕಿನ ಪತ್ರ ಕೊಟ್ಟು ಬಹಳ ದಿನವಾಗಿದ್ದರಿಂದ ಹೊಸದನ್ನು ತರಬೇಕಾಯಿತು. ಅದು ಮುಗಿಯಿತು ಎನ್ನುವಾಗ ಎರಡು ಇ-ಚಲನ್ ಬಾಕಿ ಕಾಣಿಸಿದವು, ಅವನ್ನು ಕಟ್ಟುವವರೆಗೆ ಅರ್ಜಿ ಮುಂದಕ್ಕೆ ಹೋಗಲಿಲ್ಲ. ಕೊನೆಗೆ ಫಾರಂ 28, ಅಂದರೆ ಕಾರನ್ನು ಬೇರೆ ಕಚೇರಿಯಲ್ಲಿ ನೋಂದಾಯಿಸಲು ಅಡ್ಡಿಯಿಲ್ಲ ಎಂದು ಪುಣೆಯ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ ಬಂತು. ತೆರೆದು ನೋಡಿದರೆ ಧಾರವಾಡದ ಬದಲು ಪಕ್ಕದ ಜಿಲ್ಲೆಯ ಕಚೇರಿಯ ಹೆಸರು. ಅರ್ಜಿ ತುಂಬಿದ ಏಜೆಂಟ್ ಪಟ್ಟಿಯಲ್ಲಿ ತಪ್ಪು ಸಾಲನ್ನು ಆರಿಸಿದ್ದ. ಈ ಪತ್ರ ಯಾವ ಕಚೇರಿಗೆಂದು ಬರೆದಿರುತ್ತದೋ ಅಲ್ಲಿಗೇ ನಡೆಯುತ್ತದೆ. ಅದನ್ನು ರದ್ದುಮಾಡಿಸಿ ಮತ್ತೆ ಪಡೆಯಲು ನಾನು ಇನ್ನೊಮ್ಮೆ ರಾತ್ರಿ ಬಸ್ಸು ಹತ್ತಿದೆ. ಆ ತಿಂಗಳುಗಳಲ್ಲೇ ಅಪ್ಪನ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿತ್ತು. ಆಸ್ಪತ್ರೆಗೆ ಅವರನ್ನು ಆಟೊದಲ್ಲಿ ಕೂರಿಸಿಕೊಂಡು ಹೋಗುವಾಗ, ಮನೆಯ ಮುಂದೆ ಹೊದಿಕೆ ಹೊದ್ದು ನಿಂತ ಕಾರನ್ನು ದಾಟಿಯೇ ಹೋಗಬೇಕಿತ್ತು. ಆ ಸಂಕಟ ನನಗೆ ಇವತ್ತಿಗೂ ನೆನಪಿದೆ.

ಆದ್ದರಿಂದ ಮುಂಗಡ ಕೊಡುವ ಮೊದಲೇ ಆರ್‌ಸಿಯ ಎರಡೂ ಬದಿಯ ಚಿತ್ರ ತರಿಸಿಕೊಳ್ಳಿ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರು ಹಾಕಿ, ಸಾಲದ ಹೆಸರು ಇದೆಯೇ, ವಿಮೆ ಚಾಲ್ತಿಯಲ್ಲಿದೆಯೇ, ಚಲನ್ ಬಾಕಿ ಇದೆಯೇ ನೋಡಿ. ಕಾರು ಕೊಂಡಾಗಿನ ಮೂಲ ಬಿಲ್ಲು ಅವರ ಬಳಿ ಇರಲೇಬೇಕು, ತೆರಿಗೆಯ ಲೆಕ್ಕ ನಿಲ್ಲುವುದೇ ಅದರ ಮೇಲೆ. ಪೂರ್ತಿ ಹಣವನ್ನು ನಿರಾಕ್ಷೇಪಣಾ ಪತ್ರ ಕೈಗೆ ಬರುವವರೆಗೆ ಕೊಡಬೇಡಿ. ಒಂದು ಭಾಗವನ್ನು ತಡೆಹಿಡಿಯುವುದಾಗಿ ಕರಾರಿನಲ್ಲಿಯೇ ಬರೆಯಿರಿ, ಪ್ರಾಮಾಣಿಕರು ಇದಕ್ಕೆ ಬೇಸರಪಡುವುದಿಲ್ಲ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಅವರ ಸಹಿ ಒಂದೆರಡು ಪ್ರತಿ ಹೆಚ್ಚಾಗಿಯೇ ಇರಲಿ, ಸಹಿ ಹೊಂದುವುದಿಲ್ಲ ಎಂದು ಮತ್ತೆ ಪುಣೆಗೆ ಓಡುವುದು ತಪ್ಪುತ್ತದೆ. ಇಲ್ಲಿ ಹೊಸ ಸಂಖ್ಯೆಗೆ ಅರ್ಜಿ ಫಾರಂ 27. ಕಾರನ್ನು ಕಚೇರಿಗೆ ಒಯ್ದು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ತೆಗೆದ ಅಚ್ಚನ್ನೂ ಕೇಳುತ್ತಾರೆ. ತುಕ್ಕು ಹಿಡಿದು ಆ ನಂಬರು ಅಳಿಸಿದಂತೆ ಕಂಡರೆ ಆ ಕಾರಿನ ಸಹವಾಸವೇ ಬೇಡ.

ಪುಣೆಯಲ್ಲಿ ಮೊದಲ ಮಾಲೀಕರು ಕಟ್ಟಿದ ಒಮ್ಮೆಯ ತೆರಿಗೆಯಲ್ಲಿ ಉಳಿದ ಅವಧಿಯ ಪಾಲು ಮರುಪಾವತಿಯಾಗಬಹುದು. ಇಲ್ಲಿ ಹೊಸ ಸಂಖ್ಯೆ ಸಿಕ್ಕಿ, ತೆರಿಗೆ ಕಟ್ಟಿದ ರಸೀದಿ ಬಂದ ಮೇಲೆ ಅಲ್ಲಿನ ಕಚೇರಿಗೆ ಅರ್ಜಿ ಹಾಕಬೇಕು. ದಲ್ಲಾಳಿಗಳು ಈ ಹಣವನ್ನು ಕೈಗೆ ಬಂದಂತೆಯೇ ಲೆಕ್ಕ ಹಾಕಿ ತೋರಿಸುತ್ತಾರೆ. ನೀವು ಅದನ್ನು ಲೆಕ್ಕಕ್ಕೆ ಹಿಡಿಯದೆ ಬೆಲೆ ನಿಶ್ಚಯಿಸಿ. ಬಂದರೆ ಅದು ಯಾರಿಗೆ ಸೇರಬೇಕು ಎಂಬುದನ್ನು ಮಾತ್ರ ಮಾರುವವರೊಂದಿಗೆ ಮೊದಲೇ ಬರೆದಿಟ್ಟುಕೊಳ್ಳಿ.

ನೀವು ಕೇಳಿಲ್ಲ, ಆದರೂ ದೆಹಲಿಯ ಡೀಸೆಲ್ ಕಾರುಗಳ ವಿಷಯ ಹೇಳಲೇಬೇಕು. ಹತ್ತು ವರ್ಷ ದಾಟಿದ ಡೀಸೆಲ್ ವಾಹನ ದೆಹಲಿ ಸುತ್ತಮುತ್ತ ಓಡಬಾರದು ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಒಂಬತ್ತು ವರ್ಷದ ದೊಡ್ಡ ದೊಡ್ಡ ಕಾರುಗಳು ಕಣ್ಣು ಕುಕ್ಕುವಷ್ಟು ಕಡಿಮೆ ಬೆಲೆಗೆ ದಕ್ಷಿಣಕ್ಕೆ ಬರತೊಡಗಿದವು. ಹೊಸದಾಗಿದ್ದಾಗ 18 ಲಕ್ಷವಿದ್ದ, ಒಂಬತ್ತು ದಾಟಿದ ಕಾರು ಎಂದುಕೊಳ್ಳಿ. ಶೇ 17ರಂತೆ 3,06,000, ಅದರ ಶೇ 49 ಅಂದರೆ 1,49,940, ಉಪಕರ ಸೇರಿ 1,66,433. ನಾಲ್ಕೂವರೆ ಲಕ್ಷಕ್ಕೆ ಸಿಕ್ಕ ಕಾರಿನ ಮೇಲೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆರಿಗೆ. ನಮ್ಮ ಬೀದಿಯ ಒಬ್ಬ ಹುಡುಗ ಹೀಗೆ ಕಾರು ತಂದು, ಈ ಮೊತ್ತ ಹೊಂದಿಸಲಾಗದೆ ಅದನ್ನು ನಷ್ಟಕ್ಕೆ ಮಾರಿದ.

ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವ ನೌಕರರಿಗೆಂದು ಕೊಡುವ ಬಿಎಚ್ (ಭಾರತ್) ಸರಣಿಯ ನಂಬರಿರುವ ಕಾರು ಕಣ್ಣಿಗೆ ಬಿದ್ದರೂ ಇದೇ ಎಚ್ಚರ ಇರಲಿ. 2021ರ ಸೆಪ್ಟೆಂಬರ್‌ನಿಂದ ಬಂದ ಈ ವ್ಯವಸ್ಥೆಯಲ್ಲಿ ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿರುತ್ತಾರೆ, ಜೀವಾವಧಿಗಲ್ಲ. ಕೊಳ್ಳುವವರಿಗೆ ಆ ಸರಣಿಯ ಅರ್ಹತೆ ಇಲ್ಲದಿದ್ದರೆ ಸಾಮಾನ್ಯ ನಂಬರಿಗೆ ಬದಲಿಸಿ ಇಲ್ಲಿನ ತೆರಿಗೆ ಕಟ್ಟಬೇಕಾಗುತ್ತದೆ.

ಹಳೆಯ ಕಾರಿಗೆ ಶೇ 18 ಜಿಎಸ್‌ಟಿ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ಅದು ವ್ಯಾಪಾರಿಗಳಿಗೆ, ಅದೂ ಅವರ ಲಾಭದ ಅಂಶದ ಮೇಲೆ ಮಾತ್ರ. ನೀವು ನೇರವಾಗಿ ಮಾಲೀಕರಿಂದ ಕೊಂಡರೆ ಆ ಪ್ರಶ್ನೆಯೇ ಬರುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಪುಣೆಯವರಿಗೆ ಫೋನ್ ಮಾಡಿ ಈ 74,592ರ ಲೆಕ್ಕವನ್ನು ಹಾಗೆಯೇ ಓದಿ ಹೇಳುತ್ತಿದ್ದೆ. 3.70ಕ್ಕೆ ಬರದಿದ್ದರೆ ನಮಸ್ಕಾರ ಹೇಳಿ, ಹುಬ್ಬಳ್ಳಿಯ 4.75ರ ಕಾರನ್ನು ಒಬ್ಬ ಒಳ್ಳೆಯ ಮೆಕ್ಯಾನಿಕ್ ಜೊತೆ ಹೋಗಿ ನೋಡುತ್ತಿದ್ದೆ. ಅಲ್ಲಿಯೂ ಹತ್ತು ಹದಿನೈದು ಸಾವಿರ ಇಳಿಸಲು ಜಾಗವಿದೆ. ಕಾರು ವರ್ಗಾವಣೆಯಾದ ಹದಿನಾಲ್ಕು ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದ್ದಕ್ಕೆ ಸಿಗುವ ರಿಯಾಯಿತಿ, ಅವರ ಜೊತೆಯೇ ಹೋಗುವುದರಿಂದ ಕಂಪನಿ ಸ್ವಲ್ಪ ಹೆಚ್ಚುವರಿ ಹಣ ಕೇಳುತ್ತದೆ, ಅದನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿಕೊಂಡಿರಿ.