ನಿಮ್ಮ ಲೇಖನದಲ್ಲಿ ದುಡ್ಡೆಲ್ಲಿದೆ?

ತೀರ್ಥಹಳ್ಳಿಯಿಂದ ಲೇಖನ ಕಳಿಸಿದವರಿಗೆ,

ನಮಸ್ಕಾರ. ‘ಸಾಂಸ್ಕೃತಿಕ ಸಂಸ್ಥೆಗಳಿಗೆ ಆರ್ಥಿಕ ಸ್ವಾಯತ್ತತೆ ಬೇಕು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾಗುವುದಿಲ್ಲ. ‘ಸ್ವಾಯತ್ತತೆ’ 17 ಸಲ ಬಂದಿದೆ (ಸುಮ್ನೆ ಎಣಿಸಿದೆ). ರೂಪಾಯಿ ಒಂದು ಸಲವೂ ಬಂದಿಲ್ಲ.

ಮೊದಲು ಒಂದು ತಪ್ಪು ತಿದ್ದಿಕೊಳ್ಳಿ. ಹೆಗ್ಗೋಡಿನ ನೀನಾಸಮ್ ಮತ್ತು ಶಿವಮೊಗ್ಗ ರಂಗಾಯಣ ಎರಡೂ ನಾಟಕದ ಸಂಸ್ಥೆಗಳೆಂದು ಒಂದೇ ತಕ್ಕಡಿಯಲ್ಲಿ ತೂಗಿದ್ದೀರಿ. ನೀನಾಸಮ್ 1949ರಲ್ಲಿ ಊರವರೇ ಕಟ್ಟಿಕೊಂಡ ಸಂಘ. ಅನುದಾನ ಪಡೆದರೂ ಅದು ಸರ್ಕಾರದ್ದಲ್ಲ. ರಂಗಾಯಣ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಸೇರಿದ್ದು, ನಿರ್ದೇಶಕರನ್ನು ನೇಮಿಸುವುದೂ ಸರ್ಕಾರವೇ. ಇಬ್ಬರ ಕಷ್ಟ ಒಂದೇ ಅಲ್ಲ, ಅಲ್ವಾ?

‘ಕೊಟ್ಟ ಮೇಲೆ ಸರ್ಕಾರ ಲೆಕ್ಕ ಕೇಳಬಾರದು’ ಎಂದಿದ್ದೀರಿ. ಇದನ್ನು ನಾನು ಒಪ್ಪಲ್ಲ. ಜನರ ತೆರಿಗೆ ದುಡ್ಡು, ಕೇಳಲೇಬೇಕು. ತೊಂದರೆ ಇರುವುದು ಬಾಬತ್ತಿನಲ್ಲಿ. ಸಂಬಳಕ್ಕೆ ಬಂದದ್ದು ಸಂಬಳಕ್ಕೆ, ಕಾರ್ಯಕ್ರಮಕ್ಕೆ ಬಂದದ್ದು ಕಾರ್ಯಕ್ರಮಕ್ಕೆ, ಕಟ್ಟಡಕ್ಕೆ ಬೇರೆಯೇ.

ನಾನೂ ಒಂದು ಸಂಘದ ಲೆಕ್ಕ ಬರೆದವನು. ಒಂದು ವರ್ಷ ಅನುದಾನ ಮಾರ್ಚ್ ಮೂರನೇ ವಾರ ಬಂತು, 31ರೊಳಗೆ ಮುಗಿಸಬೇಕಿತ್ತು. ವೇಷಕ್ಕೆ ಬಣ್ಣ ಹಚ್ಚುವ ಕೋಣೆಯ ಹಂಚು ಒಡೆದಿತ್ತು. ಮಳೆಗಾಲಕ್ಕೆ ಮುಂಚೆ ಕೈಯಾಡಿಸಲು ಅದಕ್ಕಿಂತ ಒಳ್ಳೆ ಸಮಯವಿಲ್ಲ. ಆದರೆ ಹಣ ಬಂದದ್ದು ಶಿಬಿರಕ್ಕೆ. ಅವಸರದಲ್ಲಿ ಶಿಬಿರ ಮಾಡಿದೆವು, ದೊಡ್ಡ ಬ್ಯಾನರ್ ಹಾಕಿಸಿದೆವು. ಜೂನ್‌ನಲ್ಲಿ ಸೋರತೊಡಗಿದಾಗ ವೇಷದ ಪೆಟ್ಟಿಗೆಗಳಿಗೆ ಅದೇ ಬ್ಯಾನರ್ ಹೊದಿಸಿದೆವು. ಆದರೂ ಬೂಸ್ಟು ಬಂತು. ಯುಸಿ, ಅಂದರೆ ಹಣ ಬಳಕೆ ಪ್ರಮಾಣಪತ್ರ ಮಾತ್ರ ಎಲ್ಲೂ ತಪ್ಪಿಲ್ಲದೆ ಹೋಯಿತು.

ಬಡ್ಡಿಯ ವಿಷಯವನ್ನು ನೀವು ಮುಟ್ಟೇ ಇಲ್ಲ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅನುದಾನಕ್ಕೆ ಬಂದ ಬಡ್ಡಿಯನ್ನೂ ಸರ್ಕಾರಕ್ಕೆ ವಾಪಸ್ ಕಟ್ಟಬೇಕು. 10 ಲಕ್ಷ ನಾಲ್ಕು ತಿಂಗಳು ಉಳಿತಾಯ ಖಾತೆಯಲ್ಲಿದ್ದರೆ, ವರ್ಷಕ್ಕೆ ನೂರಕ್ಕೆ 3 ಎಂದಿಟ್ಟುಕೊಂಡರೆ 10 ಸಾವಿರ. ಹಂಚು ಹೊದಿಸುವವರ ಕೂಲಿಗಾದರೂ ಆಗುತ್ತಿತ್ತು.

ನಿಮ್ಮ ಊರಿನ ಯಾವುದಾದರೂ ಸಂಘಕ್ಕೆ ಹೋಗಿ. ಅಧ್ಯಕ್ಷರ ಹತ್ತಿರ ಬೇಡ, ಭಾಷಣ ಮಾಡುತ್ತಾರೆ. ಲೆಕ್ಕ ಬರೆಯುವವರ ಪಕ್ಕ ಕೂರಿ. ಟಿಕೆಟ್ ದುಡ್ಡು ಯಾವ ಖಾತೆಗೆ ಹೋಗುತ್ತದೆ, ಅನುದಾನ ತಡವಾದಾಗ ಲೈಟಿನವನಿಗೆ ಯಾರ ಜೇಬಿಂದ ಕೊಡುತ್ತಾರೆ, ಕೇಳಿ ಬರೆದುಕೊಳ್ಳಿ. ಮೊದಲ ಎರಡು ಪುಟ ತೆಗೆದುಬಿಡಿ. ನಿಮ್ಮ ಅಜ್ಜ ತಾಳಮದ್ದಳೆಗೆ ಅಕ್ಕಿ ಎತ್ತುತ್ತಿದ್ದ ನಾಲ್ಕು ಸಾಲು ಕೊನೆಯಲ್ಲಿ ಅಡಗಿ ಕೂತಿದೆ. ಅಲ್ಲಿಂದ ಶುರುಮಾಡಿ.

ಮಳೆ ಹಿಡಿಯುವ ಮೊದಲು ಕಳಿಸಿ. ಆಮೇಲೆ ನಮ್ಮಲ್ಲಿ ಕರೆಂಟು ಇರುವುದು ಕಮ್ಮಿ.

ಸಂಪಾದಕ