ಬಾಡಿಗೆ ಏರಿತು, ಬೈಟು ಕಾಫಿ ಹೋಯಿತು

ಪ್ರಶ್ನೆ: ಸರಸ್ವತಿಪುರಂನಲ್ಲಿ ನಮ್ಮ ಮನೆ ಹತ್ತಿರ ಒಂದು ಸಣ್ಣ ಹೋಟೆಲ್ ಇದೆ. 22 ವರ್ಷದಿಂದ ವಾಕಿಂಗ್ ಮುಗಿಸಿ ನಾವು ನಾಲ್ಕೈದು ಜನ ಅಲ್ಲೇ ಬೈಟು ಕಾಫಿ ಕುಡಿಯುವುದು. ಕಟ್ಟಡದವರು 18 ಸಾವಿರ ಇದ್ದ ಬಾಡಿಗೆಯನ್ನು ಒಂದೇ ಸಲ 35 ಸಾವಿರ ಮಾಡಿದ್ದಾರಂತೆ. ತಿಂಗಳ ಕೊನೆಗೆ ಹೋಟೆಲ್ ಮುಚ್ಚುತ್ತಾರೆ. ಹೀಗೆ ಬೇಕಾದಷ್ಟು ಏರಿಸೋಕೆ ಕಾನೂನು ಬಿಡುತ್ತಾ? ಗಿರಾಕಿಗಳು ನಾವೇನಾದರೂ ಮಾಡಬಹುದಾ?
— ನಿವೃತ್ತ ಮೇಷ್ಟ್ರು, ಮೈಸೂರು

ಉತ್ತರ: ಮೇಷ್ಟ್ರೇ, ಬೇಜಾರಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಿಡುತ್ತದೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಅಂತ ಒಂದಿದೆ ನಿಜ. ಆದರೆ ವ್ಯಾಪಾರದ ಜಾಗ 14 ಚದರ ಮೀಟರ್ ದಾಟಿದರೆ ಅದು ಲಾಗೂ ಆಗಲ್ಲ. ಅಂದರೆ ಸುಮಾರು 150 ಚದರ ಅಡಿ. ಅದಕ್ಕಿಂತ ಚಿಕ್ಕ ಜಾಗವಾದರೂ ಬಾಡಿಗೆ ಒಂದು ಮಿತಿಯೊಳಗಿದ್ದರೆ ಮಾತ್ರ ಲಾಗೂ. ಬೀಡಾ ಅಂಗಡಿಗೆ ಅಷ್ಟು ಜಾಗ ಸಾಕು. ಒಲೆ, ದೋಸೆ ಕಾವಲಿ, ನಾಲ್ಕು ಟೇಬಲ್, ಕೈ ತೊಳೆಯುವ ಸಿಂಕು ಎಲ್ಲ ಅಷ್ಟರಲ್ಲಿ ಹಿಡಿಸೋಕೆ ಆಗುತ್ತಾ?

ಇನ್ನು ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಇಬ್ಬರೂ ಸಹಿ ಹಾಕಿದ ಕರಾರು. ಕರಾರಿನ ಅವಧಿ ಮುಗಿದ ಮೇಲೆ ಎಷ್ಟು ಬೇಕಾದರೂ ಕೇಳಬಹುದು. ನಮ್ಮ ಕಡೆ ಎಲ್ಲರದ್ದೂ 11 ತಿಂಗಳ ಕರಾರು, ಯಾಕಂದ್ರೆ ಒಂದು ವರ್ಷ ದಾಟಿದರೆ ನೋಂದಣಿ ಮಾಡಿಸಬೇಕು, ಮುದ್ರಾಂಕದ ಖರ್ಚು, ಸಬ್‌ರಿಜಿಸ್ಟ್ರಾರ್ ಆಫೀಸಿನ ಓಡಾಟ. ಮೊದಲ 11 ತಿಂಗಳು ಕಾಗದದ ಮೇಲೆ, ಆಮೇಲೆ 21 ವರ್ಷ ಬಾಯಿ ಮಾತಿನ ಮೇಲೆ. ಯಜಮಾನರು ಇರುವವರೆಗೆ ನಡೆಯುತ್ತೆ. ಮಕ್ಕಳ ಕೈಗೆ ಬಂದಾಗ ಕಾಳಿದಾಸ ರಸ್ತೆಯ ಕೆಫೆಗಳ ಬಾಡಿಗೆ ಎಷ್ಟು ಅಂತ ವಿಚಾರಿಸುತ್ತಾರೆ.

ಈಗ ಗಲ್ಲಾ ಕಡೆಯಿಂದ ನೋಡಿ. ಹೆಚ್ಚಾಗಿದ್ದು 17 ಸಾವಿರ. ಹಾಲು, ಪುಡಿ, ಸಕ್ಕರೆ, ಗ್ಯಾಸು, ಹುಡುಗರ ಸಂಬಳ ಕಳೆದು ಒಂದು ಲೋಟ ಕಾಫಿಗೆ 4 ರೂಪಾಯಿ ಉಳಿಯುತ್ತೆ ಅಂದುಕೊಳ್ಳೋಣ. ದಿನಾ 140 ಲೋಟ ಜಾಸ್ತಿ ಹೋಗಬೇಕು, ಒಂದು ದಿನವೂ ರಜೆ ಇಲ್ಲದೆ. ನೀವು ಐದು ಜನ ಬೈಟು ಬಿಟ್ಟು ಫುಲ್ ಕುಡಿದರೂ ಎರಡು ಮೂರು ಲೋಟ ಅಷ್ಟೇ ಏರುವುದು! ಹೋಟೆಲಿನವರು ಮಾಮೂಲಿ 5% ಜಿಎಸ್‌ಟಿಯಲ್ಲಿದ್ದರೆ ಬಾಡಿಗೆ ಮೇಲಿನ 18% ತೆರಿಗೆ ವಾಪಸ್ ಬರುವುದಿಲ್ಲ. 35 ಸಾವಿರಕ್ಕೆ ಇನ್ನೂ 6,300 ಸೇರಿತು.

ನೀವು ಮಾಡಬಹುದಾದ್ದು ಒಂದಿದೆ, ಆದರೆ ಮೊದಲು ಹೋಟೆಲಿನವರನ್ನೇ ಕೇಳಿ. ಅಗ್ರಹಾರದಲ್ಲಿ ನಾನು ಹೋಗುತ್ತಿದ್ದ ಹೋಟೆಲ್ ಮುಚ್ಚುವಾಗ ನಾವೂ ಹಾರಾಡಿದೆವು, ಸಹಿ ಸಂಗ್ರಹ ಅಂತೆಲ್ಲ. ಅವರು ಡವರಾ ಒರೆಸುತ್ತಾ, 'ಬೇಡಿ ಸಾರ್, ಮಂಡಿ ನೋವು, ಬೆಳಗ್ಗೆ ನಾಲ್ಕಕ್ಕೆ ಏಳೋಕೆ ಆಗ್ತಿಲ್ಲ' ಅಂದರು. ಬಾಡಿಗೆ ಒಂದು ನೆಪ ಸಿಕ್ಕಿತ್ತು ಅವರಿಗೆ. ನಿಮ್ಮವರಿಗೆ ಮುಂದುವರಿಸುವ ಮನಸ್ಸಿದ್ದರೆ, ಕಟ್ಟಡದವರಿಗೆ ಗೊತ್ತಿರುವ ಒಬ್ಬ ಹಿರಿಯರನ್ನು ಕರೆದುಕೊಂಡು ಹೋಗಿ ಮಾತಾಡಿ. ಈ ವರ್ಷ 23, ಮುಂದಿನ ವರ್ಷ 27 ಅಂತ ಹಂತ ಹಂತವಾಗಿ ಏರಿಸಲು ಕೇಳಿ. ಒಪ್ಪಿದರೆ ಅವತ್ತೇ ಬರೆಸಿ, ಐದು ವರ್ಷಕ್ಕೆ ನೋಂದಣಿ ಮಾಡಿಸಿ. ಬೇರೆ ಕಡೆ ಹೋಗುವುದಾದರೆ ಹಳೇ ವಿಳಾಸದ ಲೈಸೆನ್ಸ್ ಅಲ್ಲಿ ನಡೆಯಲ್ಲ, ಅದನ್ನೂ ನೆನಪಿಸಿ.

ಪ್ರಶ್ನೆ: ಮಂಡ್ಯದ ಹತ್ತಿರ ಹಳೇ ಬೆಂಗಳೂರು ರಸ್ತೆ ಪಕ್ಕ ನಮ್ಮದು ಟಿಫಿನ್ ಹೋಟೆಲ್. ವ್ಯಾಪಾರ ಅರ್ಧ ಆಗಿದೆ. ಆದರೂ ಕಟ್ಟಡದವರು ಬಾಡಿಗೆ ಜಾಸ್ತಿ ಕೊಡಿ, ಇಲ್ಲ ಅಂದ್ರೆ ಬೀಗ ಜಡೀತೀನಿ ಅಂತಾರೆ. ಅಡ್ವಾನ್ಸ್ ಒಂದೂವರೆ ಲಕ್ಷ ಅವರ ಹತ್ತಿರಾನೇ ಇದೆ.
— ನೊಂದ ಗೃಹಿಣಿ

ಉತ್ತರ: ಅಕ್ಕಾ, ಬೀಗ ಜಡಿಯುವ ಹಕ್ಕು ಅವರಿಗಿಲ್ಲ. ತಿಂಗಳ ಬಾಡಿಗೆ ಆಗಿದ್ದರೆ ಬರಹದಲ್ಲಿ 15 ದಿನದ ನೋಟಿಸ್ ಕೊಡಬೇಕು, ಆಮೇಲೂ ನೀವು ಬಿಡದಿದ್ದರೆ ಕೋರ್ಟಿಗೆ ಹೋಗಬೇಕು. ಒಂದು ವೇಳೆ ಬಲವಂತವಾಗಿ ಹೊರಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ಜಾಗ ವಾಪಸ್ ಕೇಳಬಹುದು. ಆದರೆ ಬಾಡಿಗೆ ಮಾತ್ರ ನಿಲ್ಲಿಸಬೇಡಿ. ಹಳೇ ಬಾಡಿಗೆಯನ್ನೇ ತಪ್ಪದೆ ಅವರ ಖಾತೆಗೆ ಹಾಕಿ, ಕೈಗೆ ಕೊಡುವುದು ಸಾಕು ಮಾಡಿ. ಅಡ್ವಾನ್ಸ್ ಕೊಟ್ಟಿದ್ದಕ್ಕೆ ಚೀಟಿ ಇಲ್ಲದಿದ್ದರೆ, ಜಗಳ ಜೋರಾಗುವ ಮುಂಚೆ ವಾಟ್ಸಾಪಿನಲ್ಲಾದರೂ ಅವರ ಬಾಯಿಂದ ಅದನ್ನು ಹೇಳಿಸಿ.

ಇನ್ನೊಂದು ಮಾತು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು, ಕಾರುಗಳೆಲ್ಲ ಬೈಪಾಸ್ ಹಿಡಿದವು. ಇಡ್ಲಿ-ವಡೆಗೆ ನಿಲ್ಲುತ್ತಿದ್ದವರು ಈಗ ನಿಮ್ಮ ಬೋರ್ಡನ್ನೇ ನೋಡುವುದಿಲ್ಲ. ನಿಮಗೆ ಪೆಟ್ಟು ಬಿದ್ದದ್ದು ಇದರಿಂದಲೇ, ಆದರೆ ಬಾಡಿಗೆ ಮಾತಾಡುವಾಗ ಕೆಲಸಕ್ಕೆ ಬರುವುದೂ ಇದೇ. ನಿಮ್ಮ ರಸ್ತೆಯಲ್ಲಿ ಒಂದು ಸುತ್ತು ಹಾಕಿ, 'ಬಾಡಿಗೆಗೆ ಇದೆ' ಬೋರ್ಡುಗಳ ಫೋಟೊ ತೆಗೆದುಕೊಳ್ಳಿ. ನೀವು ಬಿಟ್ಟರೆ ಆ ಜಾಗಕ್ಕೆ ಬರುವವರು ಯಾರು ಅಂತ ಅವರನ್ನೇ ಕೇಳಿ. ಏರಿಸುವುದಿರಲಿ, ಇಳಿಸಲೂ ಕೇಳಬಹುದು.

ಪ್ರಶ್ನೆ: ನಾವು ಕಟ್ಟಡದವರು. ಬಾಡಿಗೆಯೇ ನಮ್ಮ ಪೆನ್ಷನ್. 20 ಸಾವಿರ ಕೊಡುತ್ತಿರುವ ಹೋಟೆಲಿನ ಜಾಗಕ್ಕೆ ಕೆಫೆಯವರು 40 ಕೊಡುತ್ತಾರೆ. ಒಪ್ಪಿಕೊಂಡರೆ ತಪ್ಪಾ? ಎಲ್ಲರೂ ನಮ್ಮನ್ನೇ ಬೈತಾರೆ.
— ಕುವೆಂಪುನಗರದ ಓದುಗರು

ಉತ್ತರ: ತಪ್ಪೇನಿಲ್ಲ. ಸುಮ್ನೆ ಒಂದು ಲೆಕ್ಕ ಹಾಕಿ. ಹಳಬರು 28ಕ್ಕೆ ಒಪ್ಪಿದರು ಅಂತಿಟ್ಟುಕೊಳ್ಳಿ. ಕೆಫೆ ವರ್ಷದೊಳಗೆ ಮುಚ್ಚಿ ಜಾಗ ನಾಲ್ಕು ತಿಂಗಳು ಖಾಲಿ ಬಿದ್ದರೆ ನಿಮಗೆ 1,12,000 ಹೋಯಿತು, ತಿಂಗಳಿಗೆ 12 ಸಾವಿರದಂತೆ ಒಂಬತ್ತು ತಿಂಗಳು ಗಳಿಸಿದ ಹೆಚ್ಚಿನ ಬಾಡಿಗೆ ಪೂರಾ ಅದರಲ್ಲೇ ಕರಗಿತು. ಹಾಗಾಗಿ ಹಳಬರನ್ನು ಒಂದು ಮಾತು ಕೇಳಿ ನೋಡಿ. ಕೆಫೆಯವರಿಗೇ ಕೊಡುವುದಾದರೆ ಅಡುಗೆಮನೆ ಹೊಗೆ ಯಾವ ಕಡೆ ಬಿಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಮೇಲಿನ ಮನೆಯಲ್ಲಿ ಇರುವುದು ನೀವೇ ಅಲ್ವಾ.