ಬಿಭಾ ಚೌಧುರಿಗೆ ನೊಬೆಲ್ ತಪ್ಪಿದ್ದೇಕೆ?

ಪ್ರಶ್ನೆ: ಹಾಸನದಲ್ಲಿ ಬಿ.ಎಸ್ಸಿ. ಓದುವ ಮಗಳು ಕಾಲೇಜಿನ ಸೆಮಿನಾರಿಗೆ ಭೌತವಿಜ್ಞಾನಿ ಬಿಭಾ ಚೌಧುರಿಯವರನ್ನು ಆರಿಸಿಕೊಂಡಿದ್ದಾಳೆ. ಅವರಿಗೆ ನೊಬೆಲ್ ತಪ್ಪಿದ್ದೇಕೆ, ಸರ್?
– ಗೃಹಿಣಿ, ಅರಕಲಗೂಡು

ಉತ್ತರ: ಬಹಳ ಸಂತೋಷವಾಯಿತು, ತಾಯಿ. ಕಲ್ಕತ್ತೆಯ ಬೋಸ್ ಸಂಸ್ಥೆಯಲ್ಲಿದ್ದ ಬಿಭಾ, ಗುರು ದೇವೇಂದ್ರ ಮೋಹನ್ ಬೋಸರೊಂದಿಗೆ ಡಾರ್ಜಿಲಿಂಗ್, ಸಂದಕ್‌ಫೂ ಎತ್ತರಗಳಲ್ಲಿ ಫೋಟೋ ಫಲಕಗಳನ್ನು ಇರಿಸಿದರು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣದ ಕಣ ಹಾದುಹೋದರೆ ಫಲಕದ ಲೇಪದಲ್ಲಿ ಚುಕ್ಕಿಗಳ ಸಾಲು ಮೂಡುತ್ತದೆ. ಆ ಚುಕ್ಕಿಗಳ ಅಂತರ, ಗೆರೆಯ ಬಾಗು ಅಳೆದು, ಎಲೆಕ್ಟ್ರಾನಿನ ಸುಮಾರು 200 ಪಟ್ಟು ತೂಕದ ಕಣವನ್ನು ಗುರುತಿಸಿದರು. 1941ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆದರೆ ಯುದ್ಧದ ಕಾಲ, ಸೂಕ್ಷ್ಮ ಫಲಕಗಳು ಸಿಗಲಿಲ್ಲ. ಬ್ರಿಸ್ಟಲ್‌ನ ಭೌತವಿಜ್ಞಾನಿ ಪೊವೆಲ್ ತಂಡ ಸುಧಾರಿತ ಫಲಕಗಳಲ್ಲಿ 1947ರಲ್ಲಿ ಪಯಾನ್ ಎಂಬ ಮಧ್ಯಮ ತೂಕದ ಕಣವನ್ನು ಕಂಡಿತು. 1950ರ ನೊಬೆಲ್ ಪೊವೆಲ್‌ಗೆ ಬಂತು. ಪೊವೆಲ್ ಈ ಸಂಶೋಧನೆಯನ್ನು ಕದ್ದರು ಎನ್ನುವುದು ಸಲ್ಲದು. ಬಿಭಾ ಮತ್ತು ಬೋಸರ ಕೆಲಸವನ್ನು ಮುಂದೆ ಪೊವೆಲ್ ಅವರೇ ಸ್ಮರಿಸಿದ್ದಾರೆ.

ನಮ್ಮ ಪಠ್ಯದಲ್ಲಿ ಮಾತ್ರ ಬಿಭಾ ಹೆಸರೇ ಇರಲಿಲ್ಲ. ಹಾಸನದಲ್ಲಿ ಪಾಠ ಮಾಡುವಾಗ ನಾನು ಬೋರ್ಡಿನ ಮೇಲೆ ಪೊವೆಲ್, ಬಿಭಾ ಎರಡೂ ಹೆಸರು ಬರೆಯುತ್ತಿದ್ದೆ.

ನಮ್ಮ ಕೋಲಾರದ ಚಿನ್ನದ ಗಣಿಯ ಪ್ರಯೋಗಗಳಲ್ಲೂ ಅವರಿದ್ದರು. ಮೇಲಿನ ಬಂಡೆ ಉಳಿದ ಬಹುತೇಕ ಕಣಗಳನ್ನು ತಡೆಯುವುದರಿಂದ, ಬಂಡೆಯನ್ನೂ ಹಾದು ಬರುವ ಮ್ಯೂಆನ್ ಎಂಬ ವಿಶ್ವಕಿರಣದ ಕಣದ ಅಧ್ಯಯನ ಆಳದಲ್ಲಿ ಸುಲಭ. ಮಗಳು ಅದನ್ನು ಬಿಡದೆ ಸೇರಿಸಲಿ, ಚುಕ್ಕಿಸಾಲಿನ ಚಿತ್ರವನ್ನೂ ಬರೆದು ತೋರಿಸಲಿ.